ಕ್ಯೂ ಇದೆ, ಯು ಇಲ್ಲ: ಏನು ಮಾಡಲಿ?

ಪ್ರಶ್ನೆ: ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಕ್ಯೂ ಅಕ್ಷರ ಬಂದರೆ ಸಾಕು, ಕೈಕಟ್ಟಿ ಹಾಕಿದಂತಾಗುತ್ತದೆ. ಕ್ಯೂ ಇರುವ ಹೆಚ್ಚಿನ ಪದಗಳಿಗೆ ಜೊತೆಯಲ್ಲಿ ಯು ಬೇಕು, ಅದು ಸಿಗುವುದೇ ಇಲ್ಲ. ಅಪರೂಪದ ಇಂಗ್ಲಿಷ್ ಪದಗಳನ್ನು ಕಲಿಯೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಅರ್ಥವೂ ಗೊತ್ತಿರಬೇಕಾ?

ಉತ್ತರ: ಉದ್ದದ ಪದಗಳ ಹಿಂದೆ ಬೀಳಬೇಡಿ. ಚಿಕ್ಕವೇ ಆಟ ಗೆಲ್ಲಿಸುವುದು. ಮೊದಲು ಕ್ಯೂ-ಐ ಕಲಿಯಿರಿ. ಉಚ್ಚಾರ ‘ಚೀ’. ಚೀನೀಯರ ಪ್ರಕಾರ ದೇಹದಲ್ಲಿ ಹರಿಯುವ ಜೀವಶಕ್ತಿ, ಹೆಚ್ಚುಕಡಿಮೆ ನಾವು ಪ್ರಾಣ ಅನ್ನುತ್ತೇವಲ್ಲ ಅದೇ. ಕ್ಯೂಗೆ 10 ಅಂಕ, ಐಗೆ 1. ಆದರೆ ಅಕ್ಷರದ ಅಂಕವನ್ನು ಮೂರು ಪಟ್ಟು ಮಾಡುವ ಮನೆಯಲ್ಲಿ ಕ್ಯೂ ಇಟ್ಟು, ಅಡ್ಡಕ್ಕೂ ಉದ್ದಕ್ಕೂ ಇದೇ ಪದ ಬರುವಂತೆ ಜೋಡಿಸಿದರೆ ಒಂದೇ ಸಲಕ್ಕೆ 62 ಅಂಕ!

ಆಮೇಲೆ ಕ್ಯೂ-ಎ-ಟಿ. ಯೆಮೆನ್, ಇಥಿಯೋಪಿಯಾ ಕಡೆ ಜನ ಅಮಲಿಗಾಗಿ ಜಗಿಯುವ ಎಲೆ ಅದು. ಫಕೀರ ಪದವನ್ನು ಕೆ ಬದಲು ಕ್ಯೂ ಹಾಕಿ, ಎಫ್-ಎ-ಕ್ಯೂ-ಐ-ಆರ್ ಅಂತಲೂ ಬರೆಯಬಹುದು. ನನಗೆ ತುಂಬಾ ಇಷ್ಟವಾದದ್ದು ಕ್ಯೂ-ಎ-ಎನ್-ಎ-ಟಿ, ಅಂದರೆ ಕನಾತ್. ಇರಾನಿನಲ್ಲಿ ಬೆಟ್ಟದ ಬುಡದ ಅಂತರ್ಜಲವನ್ನು ದೂರದ ಹೊಲಗಳಿಗೆ ತರಲು ನೆಲದಡಿಯಲ್ಲಿ ತೋಡಿದ ಕಾಲುವೆ, ಪಂಪು ಗಿಂಪು ಏನೂ ಬೇಡ, ಇಳಿಜಾರಿನಲ್ಲಿ ನೀರು ತಾನೇ ಹರಿದು ಬರುತ್ತದೆ. ಇಷ್ಟು ತಿಳಿದ ಮೇಲೆ ಈ ಪದ ಮರೆಯುತ್ತದಾ ಹೇಳಿ!

ಅರ್ಥ ಯಾಕೆ ಬೇಕು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಸುಮ್ನೆ ಅಕ್ಷರ ಉರು ಹೊಡೆದರೆ ಕೊನೆಗೆ ಎಸ್ ಸೇರಿಸಬಹುದಾ ಇಲ್ಲವಾ ಅನ್ನುವಲ್ಲಿ ಸಿಕ್ಕಿಬೀಳುತ್ತೀರಿ. ಪಿ-ಎಸ್-ಟಿ ಅನ್ನುವುದು ಗಮನ ಸೆಳೆಯಲು ಮೆಲ್ಲಗೆ ಮಾಡುವ ಸದ್ದು, ಬರೀ ಉದ್ಗಾರ, ಅದಕ್ಕೆ ಎಸ್ ಹತ್ತುವುದಿಲ್ಲ. ಟಿ-ಎಸ್-ಕೆ ಕೂಡ ಸದ್ದೇ, ಬೇಸರಕ್ಕೆ ಲೊಚಗುಟ್ಟುವುದು, ಆದರೆ ಅದು ಕ್ರಿಯಾಪದವೂ ಹೌದು, ಹಾಗಾಗಿ ಎಸ್ ಹಾಕಬಹುದು. ಎಕ್ಸ್-ಯು ವಿಯೆಟ್ನಾಮಿನ ಹಳೆಯ ಚಿಲ್ಲರೆ ನಾಣ್ಯ, ಅಲ್ಲಿನ ಹಣವಾದ ಡಾಂಗ್‌ನ ನೂರನೇ ಒಂದು ಭಾಗ. ಅದರ ಬಹುವಚನವೂ ಎಕ್ಸ್-ಯು ಅಂತಲೇ.

ಅರ್ಥ ಗೊತ್ತಿಲ್ಲದೆಯೂ ಗೆದ್ದವರಿದ್ದಾರೆ, ನಿಜ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅಂಥ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ ಅಲ್ವಾ? ನಮ್ಮಂಥವರಿಗೆ ಅರ್ಥವೇ ಆಸರೆ.

ಪ್ರಶ್ನೆ: ಕೈತುಂಬ ಬರೀ ಸ್ವರಗಳೇ ಬಂದರೆ?

ಉತ್ತರ: ಎ-ಎ ಇಡಿ, ಹವಾಯಿ ಭಾಷೆಯಿಂದ ಬಂದ ಪದ, ಒರಟು ಲಾವಾ ಅಂತ ಅರ್ಥ. ಎ-ಐ ಅಂದರೆ ಮರಕ್ಕೆ ಜೋತುಬೀಳುವ ನಿಧಾನದ ಪ್ರಾಣಿ, ಮೂರು ಬೆರಳಿನ ಸ್ಲಾತ್, ಕಂಪ್ಯೂಟರಿಗೆ ಸಂಬಂಧವಿಲ್ಲ. ಓ-ಇ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳ ಸುಂಟರಗಾಳಿ. ತದ್ವಿರುದ್ಧವಾಗಿ ಸ್ವರವೇ ಬರದಿದ್ದರೆ ಸಿ-ಡಬ್ಲ್ಯೂ-ಎಂ ಇದೆ, ವೇಲ್ಸ್ ಭಾಷೆಯಲ್ಲಿ ಕಣಿವೆ. ಅಲ್ಲಿ ಡಬ್ಲ್ಯೂ ಅಕ್ಷರವೇ ‘ಊ’ ಆಗುತ್ತದೆ, ಓದುವುದು ‘ಕೂಮ್’ ಅಂತ.

ಆಟ ಶುರುವಾಗುವ ಮೊದಲೇ ಯಾವ ನಿಘಂಟು ಅಂತ ಒಪ್ಪಿಕೊಂಡುಬಿಡಿ. ಯಾಕ್ ಮತ್ತು ಹಸುವಿನ ಮಿಶ್ರತಳಿಯಾದ ಝಡ್-ಓ ಬ್ರಿಟನ್ ಕಡೆ ಬಳಸುವ ಕಾಲಿನ್ಸ್ ನಿಘಂಟಿನ ಪಟ್ಟಿಯಲ್ಲಿದೆ, ಅಮೆರಿಕದ ಪಟ್ಟಿಯಲ್ಲಿಲ್ಲ. ಜಾಸ್ತಿ ಜಗಳ ಆಗುವುದು ಇಲ್ಲೇ.