ಪರದೆಯನ್ನು ಓದಿ ಹೇಳುವ ಎನ್‌ವಿಡಿಎಗೆ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ: ಎಂಟರ್ ಒತ್ತಿದಾಗ 0.2 ಸೆಕೆಂಡ್ ಸ್ಲೀಪ್ ಹಾಕಿ (ಅಂದರೆ ಅಷ್ಟು ಹೊತ್ತು ಸುಮ್ಮನೆ ಕಾದು), ಮುಂದಿನ ಹೆಸರಿಲ್ಲದ ಬಾಕ್ಸ್‌ನ ಹೆಸರು ಹೇಳಬೇಕು. ಅದು ಹಳೇ ಬಾಕ್ಸ್‌ನ ಹೆಸರನ್ನೇ ಹೇಳುತ್ತಿದೆ. ಸ್ಲೀಪ್ ಎಷ್ಟು ಇಡಬೇಕು?

ಸೊನ್ನೆ. ಆ ಸಾಲನ್ನೇ ಅಳಿಸಿ. 0.2 ಸಾಲದು ಅಂತ 0.5 ಇಟ್ಟರೆ ನಾಳೆ ಅದೂ ಸಾಲುವುದಿಲ್ಲ.

ಹೆಸರಿಲ್ಲದ ಬಾಕ್ಸ್‌ಗಳು, ಎಂಟರ್‌ಗೆ ಒಂದು ಸ್ಕ್ರಿಪ್ಟ್. ನಾನು ಬರೆದದ್ದೂ ಇದನ್ನೇ. ನಮ್ಮ ಆಫೀಸಿನ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಎಲ್ಲ ಬಾಕ್ಸಿಗೂ ಎನ್‌ವಿಡಿಎ ಹೇಳುವುದು ಬರೀ ‘ಎಡಿಟ್’. ಹಾಗಾಗಿ ಸ್ಕ್ರಿಪ್ಟ್ ಎಂಟರ್ ಕಳಿಸಿ, ಸ್ವಲ್ಪ ಕಾದು, ಫೋಕಸ್ (ಟೈಪ್ ಮಾಡಿದ್ದು ಹೋಗಿ ಬೀಳುವ ಜಾಗ) ಎಲ್ಲಿದೆ ನೋಡಿ, ‘ದರ’, ‘ಸಂಖ್ಯೆ’ ಅಂತ ಹೇಳುತ್ತಿತ್ತು. ಒಂದು ದಿನ ಸಹೋದ್ಯೋಗಿ ದರ 450 ಹಾಕಿ ಎಂಟರ್ ಒತ್ತಿದರು. ಮತ್ತೆ ‘ದರ’ ಅಂತಲೇ ಕೇಳಿಸಿತು. ಎಂಟರ್ ಹಿಡಿಯಲಿಲ್ಲ ಅಂದುಕೊಂಡು ಇನ್ನೊಮ್ಮೆ 450 ಹೊಡೆದರು. ಅದು ಹೋಗಿ ಕೂತದ್ದು ಸಂಖ್ಯೆಯ ಬಾಕ್ಸ್‌ನಲ್ಲಿ. ಒಂದು ಐಟಂ ತಗೊಂಡವರಿಗೆ 450 ಐಟಂನ ಬಿಲ್!

ನಾನು ಮಾಡಿದ್ದೇನು ಗೊತ್ತಾ? ಸ್ಲೀಪ್ ಏರಿಸಿದೆ. ಎರಡು ಸೆಕೆಂಡ್ ಇಟ್ಟರೂ ‘ದರ’ವೇ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಎಂಟರ್ ಕಳಿಸಿದ ತಕ್ಷಣ ಸಾಫ್ಟ್‌ವೇರ್ ಫೋಕಸ್ ಬದಲಿಸುತ್ತದೆ, ವಿಂಡೋಸ್ ಆ ಸುದ್ದಿಯನ್ನು ಎನ್‌ವಿಡಿಎಗೆ ತಲುಪಿಸುತ್ತದೆ, ಅದು ಸಾಲಿನಲ್ಲಿ ನಿಲ್ಲುತ್ತದೆ. ಸಾಲನ್ನು ಖಾಲಿ ಮಾಡುವುದು ಮೇನ್ ಥ್ರೆಡ್, ಅಂದರೆ ಎನ್‌ವಿಡಿಎಯ ಕೆಲಸಗಳು ಒಂದಾದ ಮೇಲೊಂದು ನಡೆಯುವ ಮುಖ್ಯ ಹಾದಿ. ನಿಮ್ಮ ಸ್ಕ್ರಿಪ್ಟ್ ಓಡುವುದೂ ಅದರಲ್ಲೇ. ನೀವು ಸ್ಲೀಪ್ ಹಾಕಿದರೆ ಮಲಗುವುದು ಅದೇ ಥ್ರೆಡ್. ಬಾಗಿಲಿಗೆ ಅಡ್ಡ ಮಲಗಿ, ಯಾರೂ ಒಳಗೆ ಬರ್ತಿಲ್ಲವಲ್ಲ ಅಂತ ಕಾದ ಹಾಗೆ. ಎಷ್ಟು ಹೊತ್ತು ಮಲಗಿದರೂ, ಫೋಕಸ್ ಎಲ್ಲಿದೆ ಅಂತ ಎನ್‌ವಿಡಿಎಯನ್ನು ಕೇಳುವ ‘ಗೆಟ್‌ಫೋಕಸ್‌ಆಬ್ಜೆಕ್ಟ್’ ಕೊಡುವುದು ಹಳೇ ಬಾಕ್ಸನ್ನೇ. ಸುಳಿವು ಕಿವಿಗೇ ಬೀಳುತ್ತಿತ್ತು: ನನ್ನ ‘ದರ’ ಮುಗಿದ ಮೇಲೆ ಎನ್‌ವಿಡಿಎ ತಾನಾಗಿ ‘ಎಡಿಟ್’ ಅನ್ನುತ್ತಿತ್ತು. ಅಂದರೆ ಸ್ಕ್ರಿಪ್ಟ್ ಮುಗಿದ ಮೇಲಷ್ಟೇ ಹೊಸ ಫೋಕಸ್ ಒಳಗೆ ಬರುತ್ತಿತ್ತು.

ನನ್ನನ್ನು ಕೇಳಿದರೆ ನಿಮಗೆ ಎಂಟರ್ ಸ್ಕ್ರಿಪ್ಟೇ ಬೇಡ. ಆ್ಯಪ್ ಮಾಡ್ಯೂಲ್‌ನಲ್ಲಿ (ಆ ಒಂದು ಸಾಫ್ಟ್‌ವೇರ್‌ಗೆಂದೇ ಎನ್‌ವಿಡಿಎಗೆ ಬರೆಯುವ ಕೋಡ್) ‘ಇವೆಂಟ್_ಎನ್‌ವಿಡಿಎಆಬ್ಜೆಕ್ಟ್_ಇನಿಟ್’ ಬರೆದು, ವಿಂಡೋ ಕಂಟ್ರೋಲ್ ಐಡಿ (ಬಾಕ್ಸ್‌ನ ಗುರುತಿನ ಸಂಖ್ಯೆ) ನೋಡಿ, ಆ ಬಾಕ್ಸ್‌ನ ಆಬ್ಜೆಕ್ಟ್‌ಗೆ ಹೆಸರು ಕೊಟ್ಟುಬಿಡಿ. ಫೋಕಸ್ ಬಂದಾಗ ಎನ್‌ವಿಡಿಎನೇ ಓದಿಕೊಳ್ಳುತ್ತದೆ. ಶಿಫ್ಟ್ ಟ್ಯಾಬ್ ಒತ್ತಿ ಹಿಂದೆ ಬಂದರೂ ಓದುತ್ತದೆ. ಎಂಟರ್ ಸ್ಕ್ರಿಪ್ಟ್‌ಗೆ ಆ ಭಾಗ್ಯ ಇಲ್ಲ. ಐಡಿ ಬೇಕಾದರೆ ಬಾಕ್ಸ್‌ನಲ್ಲಿದ್ದು ಎನ್‌ವಿಡಿಎ ಕೀ ಜೊತೆ ಎಫ್1 ಒತ್ತಿ, ಲಾಗ್‌ನಲ್ಲಿ ಸಿಗುತ್ತದೆ. ಸಾಫ್ಟ್‌ವೇರ್ ಮುಚ್ಚಿ ತೆಗೆದು ಇನ್ನೊಮ್ಮೆ ನೋಡಿ. ಕೆಲವದರಲ್ಲಿ ಐಡಿ ಪ್ರತಿ ಸಲ ಬದಲಾಗುತ್ತದೆ, ಆಗ ಬೇರೆ ಗುರುತು ಹುಡುಕಬೇಕು.

ಹೆಸರಷ್ಟೇ ಅಲ್ಲ, ಫೋಕಸ್ ಬಂದ ಮೇಲೆ ಮೊತ್ತವನ್ನೂ ಓದಿಸಬೇಕು ಅಂತಿದ್ದರೆ, ಫೋಕಸ್ ಬಂದಾಗ ಓಡುವ ‘ಇವೆಂಟ್_ಗೇನ್‌ಫೋಕಸ್’ನಲ್ಲಿ ಮಾಡಿ. ಮುಂದಿನ ಕೆಲಸವನ್ನು ಎನ್‌ವಿಡಿಎಗೇ ಬಿಟ್ಟುಕೊಡುವ ‘ನೆಕ್ಸ್ಟ್‌ಹ್ಯಾಂಡ್ಲರ್’ ಕರೆಯುವುದನ್ನು ಮರೆತರೆ ಬಾಕ್ಸ್‌ನ ಹೆಸರೇ ಕೇಳಿಸುವುದಿಲ್ಲ, ಜೋಪಾನ.

ಫೋಕಸ್ ಬದಲಾದ ಸುದ್ದಿಯನ್ನೇ ಕಳಿಸದ ಸಾಫ್ಟ್‌ವೇರ್‌ಗಳೂ ಇವೆ. ಅಲ್ಲಿ ಮಾತ್ರ ಗಡಿಯಾರ ನೋಡಿ ಕಾಯಬೇಕು, ಆದರೆ ಆಗಲೂ ಸ್ಲೀಪ್ ಅಲ್ಲ, ಥ್ರೆಡ್ಡನ್ನು ತಡೆಯದೆ ಸ್ವಲ್ಪ ಹೊತ್ತಿನ ಮೇಲೆ ಕೆಲಸ ಮಾಡಿಸುವ ‘ಕೋರ್.ಕಾಲ್‌ಲೇಟರ್’. 50 ಮಿಲಿಸೆಕೆಂಡ್ ಬಿಟ್ಟು ಫೋಕಸ್ ನಿಜಕ್ಕೂ ಎಲ್ಲಿದೆ ಅಂತ ‘ಆಬ್ಜೆಕ್ಟ್‌ವಿತ್‌ಫೋಕಸ್’ ಮೂಲಕ ಕೇಳಿ. ಬದಲಾಗಿಲ್ಲವಾದರೆ ಮತ್ತೆ ಕೇಳಿ, ಹೀಗೆ ಐದಾರು ಸಲ. ಆಮೇಲೂ ಅಲ್ಲೇ ಇದ್ದರೆ ಏನೂ ಹೇಳದೆ ಬಿಡಿ. ತಪ್ಪು ಹೆಸರು ಮಾತ್ರ ಹೇಳಿಸಬೇಡಿ.