1963ರಿಂದ ಬರುತ್ತಿರುವ ಎಕ್ಸ್-ಮೆನ್ ಕಾಮಿಕ್ಸನ್ನು ಈಗ ಎಲ್ಲಿಂದ ಓದಬೇಕು?

ಮೊದಲ ಸಂಚಿಕೆಯಿಂದ ಮಾತ್ರ ಶುರು ಮಾಡಬೇಡಿ. ಸಿನಿಮಾ ನೋಡಿ ಆಸೆಯಾಗಿದೆ, ಆದರೆ ಅರವತ್ತು ವರ್ಷದ ಕಥೆ ಓದದೆ ಇವತ್ತಿನ ಸಂಚಿಕೆ ಅರ್ಥ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ನಾನೂ ನಿಮ್ಮ ಹಾಗೆ ತುಮಕೂರಿನವನೇ, ಮಧ್ಯದಿಂದಲೇ ಓದಿದವನು.

ಕಾಲೇಜಿನಲ್ಲಿದ್ದಾಗ ಭಾನುವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಚರ್ಚ್ ಸ್ಟ್ರೀಟಿನಲ್ಲಿ ಹಳೇ ಪುಸ್ತಕಗಳನ್ನು ಜಾಲಾಡುತ್ತಿದ್ದೆ. ಅಲ್ಲಿ ಸಿಕ್ಕಿದ್ದು 132ನೇ ಸಂಚಿಕೆ, 1980ರದು. ಹಿಂದಿನ ಹಾಳೆ ಕಿತ್ತುಹೋಗಿತ್ತು. ವಾಪಸ್ ಬರುವಾಗ ಕ್ಯಾತ್ಸಂದ್ರ ಬರುವಷ್ಟರಲ್ಲಿ ಎರಡು ಸಲ ಓದಿದ್ದೆ. ಎಕ್ಸ್-ಮೆನ್, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವ ಮ್ಯುಟೆಂಟ್‌ಗಳ ತಂಡ. ಆ ತಂಡದವರೆಲ್ಲ ಸೆರೆ ಸಿಕ್ಕಿದ್ದಾರೆ. ಅವರಲ್ಲೊಬ್ಬನಾದ ವುಲ್ವರಿನ್‌ನ ಮೈಭಾರವನ್ನು ಒಬ್ಬ ಶತ್ರು ಹೆಚ್ಚಿಸಿಬಿಟ್ಟಿದ್ದರಿಂದ ಅವನು ನೆಲ ಒಡೆದುಕೊಂಡು ಕೆಳಗೆ ಬಿದ್ದಿರುತ್ತಾನೆ. ಅವನ ಕಥೆ ಮುಗೀತು ಅಂದುಕೊಳ್ಳುವಾಗ, ಕೊನೇ ಚಿತ್ರದಲ್ಲಿ, ಬಂಗಲೆಯ ಅಡಿಯ ಚರಂಡಿ ನೀರಿನಲ್ಲಿ ನೆನೆದು ಹಲ್ಲು ಕಚ್ಚಿಕೊಂಡು ಮೇಲೆ ನೋಡುತ್ತಿದ್ದಾನೆ. ಅಷ್ಟೇ. ಉಳಿದಿದ್ದು ಮುಂದಿನ ತಿಂಗಳು.

ಇವರೆಲ್ಲ ಯಾರು, ಯಾಕೆ ಹೊಡೆದಾಡುತ್ತಿದ್ದಾರೆ, ನನಗೆ ಒಂದೂ ಗೊತ್ತಿರಲಿಲ್ಲ. ಆದರೂ ಎದೆ ಡವಡವ ಅಂತಿತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ ನೋಡುವವರು ಆದಿಪರ್ವ ಓದಿಕೊಂಡು ಬಂದು ಕೂರಲ್ಲ ಅಲ್ವಾ? ಭೀಮ ಗದೆ ಹಿಡಿದು ಬಂದರೆ ಸಾಕು, ಮಿಕ್ಕಿದ್ದನ್ನು ಪಕ್ಕದಲ್ಲಿ ಕೂತ ಅಜ್ಜ ಹೇಳುತ್ತಾರೆ.

ಸಂಚಿಕೆಯ ನಂಬರ್ ನೋಡಿ ಶುರು ಮಾಡುವುದಕ್ಕಿಂತ ಯಾರು ಬರೆದಿದ್ದಾರೆ ಅಂತ ನೋಡಿ. ನಂಬರ್ ಅಂತೂ ಆಗಾಗ ಮತ್ತೆ ಒಂದರಿಂದ ಶುರುವಾಗುತ್ತೆ, ಅದನ್ನು ನಂಬಿದರೆ ದಾರಿ ತಪ್ಪುತ್ತೀರಿ. 1963ರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಐದು ಜನ ವಿದ್ಯಾರ್ಥಿಗಳ ತಂಡ ಕಟ್ಟಿದರು. ಅದು ಅಷ್ಟಾಗಿ ಓಡಲಿಲ್ಲ, 1970ರಿಂದ ಐದು ವರ್ಷ ಹಳೇ ಕಥೆಗಳನ್ನೇ ಮತ್ತೆ ಅಚ್ಚು ಹಾಕುತ್ತಿದ್ದರು. 1975ರಲ್ಲಿ ಲೆನ್ ವೀನ್, ಡೇವ್ ಕಾಕ್ರಮ್ ಬೇರೆ ಬೇರೆ ದೇಶದವರನ್ನು ಸೇರಿಸಿ ಹೊಸ ತಂಡ ಮಾಡಿದರು. ಆಮೇಲೆ ಬಂದ ಕ್ರಿಸ್ ಕ್ಲೇರ್ಮಾಂಟ್ 1991ರವರೆಗೆ ಬರೆದರು. ಒಬ್ಬರೇ ಹದಿನಾರು ವರ್ಷ! ಹೊಸ ತಂಡದ ಥಂಡರ್‌ಬರ್ಡ್ ಅನ್ನುವವನು 95ನೇ ಸಂಚಿಕೆಯಲ್ಲೇ ಸಾಯುತ್ತಾನೆ, ಹಾಗಾಗಿ ಇಲ್ಲಿ ಯಾರಿಗೆ ಏನು ಬೇಕಾದರೂ ಆಗಬಹುದು ಅನ್ನುವ ಭಯ ಓದುವಾಗ ಕೊನೇವರೆಗೂ ಇರುತ್ತೆ.

ನನ್ನ ಸಲಹೆ, ಅದೇ 1980ರ 129ರಿಂದ 138ರವರೆಗೆ ಓದಿ. ಸಂಗ್ರಹವಾಗಿ ಒಂದೇ ಪುಸ್ತಕದಲ್ಲಿ ಸಿಗುತ್ತೆ. 129ರಲ್ಲಿ ಕಿಟ್ಟಿ ಪ್ರೈಡ್ ಅನ್ನುವ ಹದಿಮೂರು ವರ್ಷದ ಹುಡುಗಿ ಬರುತ್ತಾಳೆ. ಅವಳಿಗೂ ಈ ಲೋಕ ಹೊಸದು, ನಿಮಗೂ ಹೊಸದು. ಅದೇ ಕಥೆಯಲ್ಲಿ ತಂಡದ ಜೀನ್ ಗ್ರೇ ಅನ್ನುವವಳಿಗೆ ಆಗುವುದನ್ನು ನಾನು ಹೇಳಲ್ಲ. ಸಿನಿಮಾ ನೋಡಿ ಗೊತ್ತಿದ್ದರೂ ಕಾಮಿಕ್ಸಿನಲ್ಲಿ ಅದು ಬೇರೆ ತರಹ ತಟ್ಟುತ್ತೆ.

ಈಗ ತಿಂಗಳು ತಿಂಗಳು ಬರೋದನ್ನೇ ಓದಬೇಕಾ? 2024ರ ಜುಲೈನಲ್ಲಿ ಜೆಡ್ ಮೆಕೇ ಬರೆಯಲು ಶುರು ಮಾಡಿದ ಸರಣಿ ಹಿಡಿಯಿರಿ. ಅದರಲ್ಲಿ ತಂಡ ಅಲಾಸ್ಕಾದಲ್ಲಿ ನೆಲೆಸಿದೆ. ಅದಕ್ಕೆ ಹಿಂದಿನದು ಬೇಕು ಅನ್ನಿಸಿದರೆ 2019ರ ಜೊನಾಥನ್ ಹಿಕ್‌ಮನ್ ಅವರ ಹನ್ನೆರಡು ಸಂಚಿಕೆ ಓದಿ, ಅದರಲ್ಲಿ ಮ್ಯುಟೆಂಟ್‌ಗಳು ಒಂದು ದ್ವೀಪದಲ್ಲಿ ತಮ್ಮದೇ ದೇಶ ಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ನಾಲ್ಕೈದು ಬೇರೆ ಎಕ್ಸ್ ಸರಣಿ ಬರುತ್ತಿರುತ್ತವೆ, ಎಲ್ಲದಕ್ಕೂ ದುಡ್ಡು ಹಾಕಬೇಡಿ. ಒಂದನ್ನು ಆರು ತಿಂಗಳು ಓದಿ ನೋಡಿ. ಸಂಚಿಕೆಯೊಂದಕ್ಕೆ ಇಪ್ಪತ್ತು ಪುಟದಷ್ಟೇ ಕಥೆ, ಹತ್ತು ನಿಮಿಷಕ್ಕೆ ಮುಗಿಯುತ್ತೆ. ಉಳಿದ ತಿಂಗಳೆಲ್ಲ ಮುಂದೇನಾಗಬಹುದು ಅಂತ ಯೋಚಿಸುತ್ತಾ ಇರ್ತೀವಲ್ಲ, ನನಗೆ ಅದೇ ಜಾಸ್ತಿ ಇಷ್ಟ.

133ನೇ ಸಂಚಿಕೆ ಸಿಗೋಕೆ ನನಗೆ ನಾಲ್ಕು ವರ್ಷ ಬೇಕಾಯಿತು. ನೀವು ಅಷ್ಟು ಕಾಯಬೇಕಿಲ್ಲ, ಆ ಸಂಗ್ರಹ ನನ್ನ ಹತ್ರ ಇದೆ. ಟೌನ್‌ಹಾಲ್ ಸರ್ಕಲ್ ಕಡೆ ಬಂದಾಗ ಒಂದು ಮೆಸೇಜ್ ಹಾಕಿ, ತಂದುಕೊಡ್ತೀನಿ. ಪುಟ ಮಾತ್ರ ಮಡಿಚಬೇಡಿ.