ಕ್ಲೆಮ್ಯಾಟಿಸ್ ಬಳ್ಳಿ ಬಾಡ್ತಿದೆ, ಏನ್ಮಾಡ್ಲಿ?

ಪ್ರಶ್ನೆ: ನಾವು ಪುಣೆ ಕೋಥ್ರೂಡಲ್ಲಿದೀವಿ. ಟೆರೇಸ್ ಕುಂಡದಲ್ಲಿ ದೊಡ್ಡ ನೇರಳೆ ಹೂವಿನ ಕ್ಲೆಮ್ಯಾಟಿಸ್ ಹಾಕಿದೆ, ಏಪ್ರಿಲಲ್ಲಿ ಎಲೆ ಎಲ್ಲಾ ಸುಟ್ಟಂಗಾಗಿದೆ, ಗೋಡೆಗೂ ಹತ್ತುತ್ತಿಲ್ಲ ಮೇಡಂ.

ಉತ್ತರ: ಅದು ತಂಪು ಊರಿನ ಬಳ್ಳಿ ಅಮ್ಮ, ತಲೆಗೆ ಬಿಸಿಲು ಬೇಕು ಆದ್ರೆ ಬುಡ ತಣ್ಣಗಿರ್ಬೇಕು, ಕಾದ ಟೆರೇಸ್ ಮೇಲಿಟ್ರೆ ಬೇರು ಬೆಂದೋಗತ್ತೆ. ಬೆಳಗಿನ ಬಿಸಿಲು ಬೀಳೋ ಬಾಲ್ಕನಿಗೆ ತನ್ನಿ, 45 ಸೆಂಟಿಮೀಟರ್ ಆಳದ ಕುಂಡದಲ್ಲಿ ಬುಡ ಮೊದಲಿಗಿಂತ 5-6 ಸೆಂಟಿಮೀಟರ್ ಕೆಳಗೆ ಹೋಗೋ ಹಾಗೆ ನೆಡಿ, ಮೇಲಿನ ಕಾಂಡ ಒಣಗಿದ್ರೂ ಮಣ್ಣೊಳಗಿಂದ ಮತ್ತೆ ಚಿಗುರಬಹುದು. ಮೇಲೆ ತೆಂಗಿನ ನಾರು ಹೊದಿಸಿ. ಬರೀ ಗೋಡೆ ಅದು ಹತ್ತಲ್ಲ, ಎಲೆ ತೊಟ್ಟು ಸುತ್ತಿಕೊಂಡು ಏರೋದು, ಸಣ್ಣ ತಂತಿ ಕಟ್ಟಿಕೊಡಿ. ಇಷ್ಟಾದ್ರೂ ಪುಣೆ ಬೇಸಿಗೆ ಅದಕ್ಕೆ ಕಷ್ಟಾನೇ. ನನ್ನ ಕೇಳಿದ್ರೆ ಸಹ್ಯಾದ್ರಿಯ ಮೋರ್‌ವೇಲ್ ಕೂಡ ಬೆಳೆಸಿ, ಹೂ ಚಿಕ್ಕದು, ಬಿಳಿ, ಆದ್ರೆ ಅದೂ ಕ್ಲೆಮ್ಯಾಟಿಸ್ಸೇ.